ಮುರಿದ ಮೊನೆ

ಕೊನೆಯ ಬದಿಯಲ್ಲಿ ಒಂದು ಗೇಣು ಹೊಲಿಗೆ ಉಳಿದಿರುವಾಗ ಅವಳ ಕೈ ನಿಂತಿತು.

ನಿಲ್ಲಲು ಕಾರಣವೇನೂ ಇರಲಿಲ್ಲ. ದಾರ ಬೇಕಾದಷ್ಟಿತ್ತು. ಕಿಟಕಿಯ ಬೆಳಕು ನೇರ ಮಡಿಲಿಗೆ ಬೀಳುತ್ತಿತ್ತು. ಮಂಚದ ಮೇಲೆ ಹರಡಿದ ಕೌದಿ ಅವಳ ಮೊಣಕಾಲಿನವರೆಗೂ ಇಳಿದು, ಸಾಕಿದ ಪ್ರಾಣಿಯ ಹಾಗೆ ಬೆಚ್ಚಗೆ ಕೂತಿತ್ತು. ಬಚ್ಚಲಿನಲ್ಲಿ ದೊಡ್ಡಮ್ಮ ಬಟ್ಟೆ ಕುಸುಬುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತ ಕೂಡಲೇ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಎದುರು ಕುರ್ಚಿಯಲ್ಲಿ ಕೂರುತ್ತಾಳೆ. "ಎಲ್ಲಿ, ಡಬ್ಬಿ ತೆಗಿ" ಅನ್ನುತ್ತಾಳೆ. ಭಯ ಅದೊಂದರದ್ದೇ.

ಡಬ್ಬಿ ಎಂದರೆ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ದೊಡ್ಡಮ್ಮ ಅರ್ಧ ಆಯಸ್ಸನ್ನು ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸು ಹೊದಿಕೆ ಹೊಲಿಯುತ್ತಾ ಕಳೆದವಳು. ಕೆಲಸ ಬಿಟ್ಟು ಬರುವಾಗ ಅಲ್ಲಿನ ಕಟ್ಟಳೆಯೊಂದನ್ನು ಮನೆಗೂ ಹೊತ್ತು ತಂದಿದ್ದಳು. ಕೊನೆಯ ಗಂಟು ಹಾಕುವ ಮೊದಲು ಡಬ್ಬಿ ಮಗುಚಬೇಕು. ಕೆಲಸಕ್ಕೆ ತೆಗೆದ ಸೂಜಿ, ಗುಂಡುಪಿನ್ನು ಎಲ್ಲವೂ ವಾಪಸ್ಸು ಬಂದಿರಬೇಕು. ಸೂಜಿ ಮುರಿದಿದ್ದರೆ ಎರಡೂ ತುಂಡು ಜೊತೆಗಿರಬೇಕು. ಒಂದು ಸಿಗದಿದ್ದರೆ ಗಂಟಿಲ್ಲ; ಸಿಗುವವರೆಗೂ ಎದ್ದೇಳುವ ಹಾಗಿಲ್ಲ, ಊಟಕ್ಕೂ ಇಲ್ಲ.

"ಬಟ್ಟೆ ಒಳಗೆ ಹೋದ ಮೊನೆ ಸುಮ್ನೆ ಕೂರಲ್ಲ ಕಣೇ," ಎಂದು ಮೊದಲ ದಿನವೇ ಹೇಳಿದ್ದಳು. "ನಡೀತಾ ಇರತ್ತೆ. ಇವತ್ತು ಇಲ್ಲಿ, ಒಂದು ಸಲ ಒಗೆದ್ಮೇಲೆ ಅಲ್ಲಿ. ಮೆತ್ತಗಿರೋ ಜಾಗ ಹುಡುಕ್ಕೊಂಡು ಹೋಗತ್ತೆ."

ಆ ಡಬ್ಬಿಯಲ್ಲಿ ಈಗ ಹಿಂದಿನ ಅರ್ಧ ಮಾತ್ರ ಉಳಿದ ಸೂಜಿಯೊಂದಿತ್ತು. ಕಣ್ಣಿದ್ದ ತುಂಡು. ಮೊನೆ ಇರಲಿಲ್ಲ.

ಅದು ಮುರಿದದ್ದು ಹೋದ ವಾರ. ಕೌದಿಯ ನಡುವೆ ಭಾವನ ಹಳೆಯ ಕೆಲಸದಂಗಿಯ ಜೇಬೊಂದನ್ನು ಇಡಿಯಾಗಿ ಕೂರಿಸಿದ್ದಳು. ಒತ್ತಿದರೆ ಟಿಚ್ ಎಂದು ಕೂರುವ ಬಟನ್ ಇದ್ದ ದಪ್ಪ ಬಟ್ಟೆಯ ಜೇಬು. ಅಕ್ಕನ ಮಗು ದೊಡ್ಡದಾದ ಮೇಲೆ ಅದರಲ್ಲಿ ಏನಾದರೂ ಬಚ್ಚಿಟ್ಟುಕೊಳ್ಳಲಿ ಎಂದು. ಜೇಬಿನ ಮೂಲೆಯಲ್ಲಿ ಮಡಿಕೆಯ ಮೇಲೆ ಮಡಿಕೆ ಬಂದು ಸೂಜಿ ಒಳಗೆ ಹೋಗಲು ಒಲ್ಲೆ ಎಂದಿತು. ಹೆಬ್ಬೆರಳಿನಿಂದ ಒತ್ತಿದಳು. ಹೋಗಲಿಲ್ಲ. ಮೇಜಿನ ಅಂಚಿಗೆ ಆನಿಸಿ ಒತ್ತಿದಳು. ಟಕ್ ಎಂದಿತು. ಕೈಯಲ್ಲಿ ಅರ್ಧ ಉಳಿಯಿತು. ಜೇಬನ್ನು ಸವರಿದಳು, ಹಿಂದೆ ಮುಂದೆ ತಟ್ಟಿದಳು, ನೆಲ ಗುಡಿಸಿದಳು. ಕಸದಲ್ಲಿ ಏನೋ ಮಿಂಚಿದ ಹಾಗಾಯಿತು. ಅದೇ ಇರಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಆ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು ಬಂದಿತ್ತು.

"ಇವತ್ತಾದ್ರೂ ಮುಗೀತಾ, ಶುರುವಮ್ಮ?"

ಶುರುವಮ್ಮ ಅವಳ ಹೆಸರಲ್ಲ, ಭಾವ ಇಟ್ಟದ್ದು. ಟೈಪಿಂಗ್ ಶುರು ಮಾಡಿ ಬಿಟ್ಟಿದ್ದಳು, ಈಜು ಶುರು ಮಾಡಿ ನೀರು ಕುಡಿದು ಬಿಟ್ಟಿದ್ದಳು, ತೋಳಿಲ್ಲದ ಸ್ವೆಟರೊಂದು ಕಪಾಟಿನಲ್ಲಿ ಇನ್ನೂ ತೋಳಿಗಾಗಿ ಕಾಯುತ್ತಿತ್ತು. "ನಮ್ಮ ಶುರುವಮ್ಮನ ಮದುವೇಲಿ ತಾಳಿ ಕಟ್ಟೋವಾಗ ಹುಡುಗ ಸ್ವಲ್ಪ ಬೇಗ ಬೇಗ ಕಟ್ಬೇಕು" ಎಂದು ಭಾವ ಬಂದವರ ಮುಂದೆಲ್ಲಾ ಹೇಳುತ್ತಿದ್ದ. ಈಗ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅಲ್ಲಿ ಯಾವುದನ್ನೂ ಮುಗಿಸಬೇಕಾಗಿಲ್ಲ. ಬೇರೆಯವರು ಮುಗಿಸಿ ತಂದದ್ದಕ್ಕೆ ಇನ್ನೊಂದು ಪ್ರತಿ ತೆಗೆದುಕೊಟ್ಟರಾಯಿತು.

ಅಕ್ಕನ ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಆಸ್ಪತ್ರೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಕ್ಕ ಪೆಟ್ಟಿಗೆಯ ತೂತಿನಿಂದ ಎರಡು ಬೆರಳು ತೂರಿಸಿ ಕೂತಿದ್ದನ್ನು ನೋಡಿ ಬಂದ ದಿನವೇ ಇವಳು ದೊಡ್ಡಮ್ಮನ ಬಳಿ ಹೋಗಿ, "ನನಗೆ ಕೌದಿ ಹೊಲಿಯೋದು ಹೇಳಿಕೊಡು" ಅಂದಿದ್ದಳು.

"ಶುರು ಮಾಡೋದು ಹೇಳಿಕೊಡಬೇಕಾ, ಮುಗಿಸೋದು ಹೇಳಿಕೊಡಬೇಕಾ?" ಅಂದಿದ್ದಳು ದೊಡ್ಡಮ್ಮ.

ಮಗು ಇವತ್ತು ಮನೆಗೆ ಬರುತ್ತದೆ. ಈ ಕೌದಿಯ ಮೇಲೆ ಮಲಗುತ್ತದೆ.

ಬಚ್ಚಲಿನಲ್ಲಿ ಕುಸುಬುವ ಸದ್ದು ಹಿಂಡುವ ಸದ್ದಾಯಿತು. ಅವಳು ಎದ್ದು, ಕೆಲಸಕ್ಕೆ ಇನ್ನೂ ತೆಗೆಯದ ಸೂಜಿಗಳ ಪೊಟ್ಟಣದಿಂದ ಅದೇ ಅಳತೆಯ ಒಳ್ಳೆಯ ಸೂಜಿಯೊಂದನ್ನು ತೆಗೆದಳು. ಬಟ್ಟೆ ಚೂರಿನಲ್ಲಿ ಸುತ್ತಿ ಮೇಜಿನ ಅಂಚಿಗಿಟ್ಟು ಬಗ್ಗಿಸಿದಳು. ಬೇಕೆಂದು ಮುರಿಯುವಾಗ ಸೂಜಿ ಎಷ್ಟು ಗಟ್ಟಿ ಅನ್ನಿಸಿತು. ಬಗ್ಗಿತು, ಬಗ್ಗಿತು, ಆಮೇಲೆ ಟಕ್. ಹೋದ ವಾರದ ಅದೇ ಸದ್ದು. ಹೊಸ ಮೊನೆಯನ್ನು ಹಳೆಯ ಅರ್ಧದ ಪಕ್ಕದಲ್ಲಿಟ್ಟಳು. ಉಳಿದ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಹೂಕುಂಡದ ಮಣ್ಣಿಗೆ ಚುಚ್ಚಿ ಹೆಬ್ಬೆರಳಿನಿಂದ ಅದುಮಿದಳು. ಉಗುರಿನ ಸಂದಿಗೆ ಮಣ್ಣು ಮೆತ್ತಿಕೊಂಡಿತು.

ದೊಡ್ಡಮ್ಮ ಬಂದಳು. ಕೂತಳು.

"ಎಲ್ಲಿ, ಡಬ್ಬಿ ತೆಗಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಉಗುರು ನೋಡಿಕೊಂಡಳು. ಡಬ್ಬಿಯನ್ನು ಮುಂದೆ ತಳ್ಳಿದಳು. ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಅವಳು ಗುಂಡುಪಿನ್ನುಗಳನ್ನು ತಟ್ಟೆಗೆ ಸುರಿದು, ಅಕ್ಕಿ ಆರಿಸುವವಳ ಹಾಗೆ ಬೆರಳಿನಿಂದ ಬದಿಗೆ ಸರಿಸತೊಡಗಿದಳು. ಎಣಿಕೆಗೆ ತುಟಿ ಮಿಸುಕುತ್ತಿತ್ತು. ಸೂಜಿಗಳ ಸರದಿ ಬಂತು. ಮುರಿದ ತುಂಡುಗಳ ಸರದಿ ಬಂತು. ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ತುದಿಗೆ ತುದಿ ಕೂಡಿಸಿದಳು.

ಇವಳು ಕೈಯನ್ನು ಕೌದಿಯಡಿಗೆ ಸರಿಸಿದಳು.

"ಯಾವಾಗ ಮುರೀತೇ ಇದು? ಹೇಳೇ ಇಲ್ಲ."

"ಹೋದ ವಾರ. ಜೇಬು ಹೊಲಿಯೋವಾಗ."

"ಅವಸರ ಮಾಡಿರ್ತೀಯ. ಆತುರಗಾರನಿಗೆ ಬುದ್ಧಿ ಮಟ್ಟ." ದೊಡ್ಡಮ್ಮ ಎರಡೂ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಆದ್ರೂ ಎರಡೂ ಎತ್ತಿಟ್ಟಿದ್ದೀಯಲ್ಲ. ಪರವಾಗಿಲ್ಲ, ಕೆಲಸ ಬಂತು ನಿನಗೆ. ಹಾಕು ಗಂಟು."

ಇಷ್ಟೇ ಆಗಬೇಕಾಗಿತ್ತು. ಆದರೆ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಉಳಿದ ಒಂದು ಗೇಣನ್ನು ಹೊಲಿದಳು. ಒಂದೊಂದು ಹೊಲಿಗೆಗೂ ದೊಡ್ಡಮ್ಮ ತಲೆದೂಗುತ್ತಿದ್ದಳು. ದಾರವನ್ನು ಸುತ್ತಿ, ಎಳೆದು, ಗಂಟನ್ನು ಅಡಿಯ ಅಸ್ತರಿಯೊಳಗೆ ಅಡಗಿಸಿ, ತುದಿಯನ್ನು ಹಲ್ಲಿನಿಂದ ಕಡಿದಳು. ಅವಳ ಬದುಕಿನಲ್ಲಿ ಮುಗಿದ ಮೊದಲ ಕೆಲಸ. ದೊಡ್ಡಮ್ಮ ಕೌದಿಯ ಮೇಲೆ ಅಂಗೈ ಆಡಿಸಿದಳು. ಆ ಅಂಗೈ ಜೇಬಿನ ಮೇಲೆ ಹಾದುಹೋಗುವಾಗ ಇವಳು ಉಸಿರು ಹಿಡಿದಳು. ಅಂಗೈ ಏನನ್ನೂ ಕಾಣದೆ ಮುಂದೆ ಹೋಯಿತು.

ಫೋನು ಬಂತು. ಭಾವ.

"ಹೊರಟ್ವಿ. ಮಗಳು ಕಣ್ಣು ಬಿಟ್ಕೊಂಡು ರಸ್ತೆ ನೋಡ್ತಿದ್ದಾಳೆ, ಮನೆ ಇಷ್ಟ ಆಗ್ದಿದ್ರೆ ವಾಪಸ್ ಹೋಗೋಕೆ ದಾರಿ ಗುರುತು ಮಾಡ್ಕೊಳ್ತಿರ್ಬೇಕು. ಏನು, ಕೌದಿ ಮುಗೀತಾ? ಇಲ್ಲ ಸೈಡು ಬಾಕಿ ಇದ್ಯಾ?"

"ಮುಗೀತು ಭಾವ."

ಭಾವ ಫೋನಿನ ಆಚೆ ಯಾರಿಗೋ ಹೇಳುವುದು ಕೇಳಿತು: "ಮುಗಿಸಿದ್ಲಂತೆ ಕಣೆ." ಅಕ್ಕನ ದನಿ ದೂರದಿಂದ ಬಂತು. ನಗುವೋ ಅಳುವೋ ತಿಳಿಯಲಿಲ್ಲ. "ಅವಳಿಗೆ ಹೇಳಿ, ಹಾಸಿ ಇಟ್ಟಿರ್ಲಿ. ನನ್ನ ಕೈ ಸೋತು ಹೋಗಿದೆ. ಹೋದ ತಕ್ಷಣ ಅದರ ಮೇಲೇ ಮಲಗಿಸ್ತೀನಿ."

ದೊಡ್ಡಮ್ಮ ಅಡುಗೆಮನೆಗೆ ಹೋದಳು. ಇವಳು ಕೌದಿಯ ಮುಂದೆ ನಿಂತಳು. ನುಂಗುವಂತಿಲ್ಲ, ಉಗುಳುವಂತಿಲ್ಲ. ಕಸದಲ್ಲಿ ಮಿಂಚಿದ್ದು ಮೊನೆಯೇ ಇರಬಹುದು. ಇರಬಹುದು. ಆ ಇರಬಹುದಿನ ಮೇಲೆ ಮಗುವನ್ನು ಮಲಗಿಸಬೇಕು.

ಆಗ ಭಾವನ ಅಂಗಡಿ ನೆನಪಾಯಿತು.

ಅಂಗಡಿ ಎಂದರೆ ಇದೇ ಮನೆಯ ಮೆಟ್ಟಿಲ ಕೆಳಗಿನ ಕೋಣೆ. ಕೆಟ್ಟ ರೇಡಿಯೋ, ಗಂಟಲು ಹರಿದ ಸ್ಪೀಕರು, ಮೈಕುಗಳನ್ನು ಅಲ್ಲಿ ರಿಪೇರಿ ಮಾಡುತ್ತಿದ್ದ. ಸತ್ತುಹೋದ ಸ್ಪೀಕರುಗಳ ಹಿಂದಿನ ಅಯಸ್ಕಾಂತವನ್ನು ಕಿತ್ತು ಒಂದು ಬಕೆಟಿಗೆ ಹಾಕುವುದು ಅವನ ಅಭ್ಯಾಸ. ಯಾವತ್ತಾದರೂ ಬೇಕಾಗುತ್ತದೆ ಎನ್ನುತ್ತಿದ್ದ, ಯಾವತ್ತೂ ಬೇಕಾಗಿರಲಿಲ್ಲ. ಅವಳು ಚಪ್ಪಲಿ ಮೆಟ್ಟದೆ ಇಳಿದಳು. ಬಕೆಟಿನಲ್ಲಿ ಅವೆಲ್ಲ ಒಂದನ್ನೊಂದು ಕಚ್ಚಿಕೊಂಡು ಒಂದೇ ಗಡ್ಡೆಯಾಗಿದ್ದವು. ಒಂದು ಮಂಡಿಯೂರಿ, ಇನ್ನೊಂದು ಪಾದದಿಂದ ಗಡ್ಡೆಯನ್ನು ಒತ್ತಿ ಹಿಡಿದು, ಒಂದನ್ನು ಎಳೆದು ಬಿಡಿಸುವ ಹೊತ್ತಿಗೆ ಅಂಗೈ ತರಚಿತು. ರಸ್ತೆಯಲ್ಲಿ ವಾಹನವೊಂದು ನಿಂತ ಸದ್ದಾಯಿತು. ಬಾಗಿಲಿನಿಂದ ಇಣುಕಿದಳು. ಪಕ್ಕದ ಮನೆಯ ಹಾಲಿನವನು.

ಮೇಲೆ ಬಂದು ಅಯಸ್ಕಾಂತವನ್ನು ಕೌದಿಯ ಒಂದು ಮೂಲೆಯಿಂದ ಆಡಿಸತೊಡಗಿದಳು. ಹಳೆಯ ಪರದೆಯ ನೀಲಿ ಚೌಕದ ಮೇಲೆ, ತಾನು ಶಾಲೆಗೆ ತೊಡುತ್ತಿದ್ದ ಅಂಗಿಯ ಬಿಳಿ ಚೌಕದ ಮೇಲೆ, ಅಕ್ಕನ ಹೂವಿನ ಫ್ರಾಕಿನ ಮೇಲೆ, ಸಾಲು ಬಿಡದೆ. ಎಲ್ಲೂ ಏನೂ ಇಲ್ಲ. ಜೇಬನ್ನು ಸುತ್ತುಹಾಕಿ ಉಳಿದದ್ದನ್ನೆಲ್ಲ ಮುಗಿಸಿದಳು. ಆಮೇಲೆ ಜೇಬಿಗೆ ಬಂದಳು.

ಕೈಯಡಿ ಚಿಕ್ಕದೊಂದು ಜಗ್ಗಿದ ಹಾಗಾಯಿತು. ಮೀನು ಗಾಳವನ್ನು ಮೂಸಿ ನೋಡಿದಷ್ಟು.

ಅವಳು ಕೈ ಎತ್ತಿದಳು. ಮತ್ತೆ ಇಟ್ಟಳು. ಮತ್ತೆ ಜಗ್ಗಿತು.

ಟಿಚ್ ಬಟನ್ನು, ಎಂದು ಅವಳ ಬಾಯೇ ಹೇಳಿತು. ಹೌದಲ್ಲ, ಜೇಬಿನಲ್ಲಿ ಲೋಹದ ಬಟನ್ನಿದೆ, ಅಯಸ್ಕಾಂತಕ್ಕೆ ಹಿಡಿಯದೆ ಇರುತ್ತದೆಯೇ. ಎದೆಯ ಮೇಲಿನ ಕಲ್ಲು ಜರುಗಿತು. ನೆಲದಲ್ಲೇ ಕೂತು ಸ್ವಲ್ಪ ಹೊತ್ತು ಗೋಡೆಗೆ ತಲೆ ಆನಿಸಿದಳು. ಮೊನೆ ಕಸದಲ್ಲಿ ಹೋಗಿದೆ. ಕೌದಿ ಚೊಕ್ಕವಾಗಿದೆ. ಸುಳ್ಳೊಂದು ಉಳಿಯಿತು, ಅದನ್ನು ಹೂಕುಂಡದಲ್ಲಿ ಹೂತಾಗಿದೆ.

ಕೌದಿ ಮಡಿಸಿಡಲೆಂದು ಎದ್ದಳು. ಮಂಚದ ಕೆಳಗೆ ಬಟ್ಟೆ ಚೂರುಗಳ ಚೀಲ ಬಾಯಿ ತೆರೆದು ಬಿದ್ದಿತ್ತು. ಅದರಲ್ಲಿ ಭಾವನ ಅಂಗಿಯ ಉಳಿದ ಭಾಗ. ಆ ಅಂಗಿಗೆ ಎರಡು ಜೇಬಿದ್ದವು.

ಎರಡನೆಯ ಜೇಬು, ಅದೇ ಬಟ್ಟೆ, ಅದೇ ಬಟನ್ನು, ಚೀಲದಿಂದ ಅವಳನ್ನೇ ನೋಡುತ್ತಿತ್ತು.

ನೋಡದ ಹಾಗೆ ಇರಬಹುದಿತ್ತು. ಚೀಲವನ್ನು ಕಾಲಿನಿಂದ ಮಂಚದಡಿ ತಳ್ಳಿದಳು. ಕೌದಿಯ ಒಂದು ಮಡಿಕೆ ಮಡಿಸಿದಳು. ಇನ್ನೊಂದು ಮಡಿಕೆಗೆ ಕೈ ಹಾಕಿದಳು. ಬಿಟ್ಟಳು. ಬಗ್ಗಿ ಚೀಲ ಎಳೆದು, ಆ ಜೇಬಿನ ಬಟನ್ನಿಗೆ ಅಯಸ್ಕಾಂತ ತಾಗಿಸಿದಳು.

ಹಿಡಿಯಲಿಲ್ಲ. ತಿರುಗಿಸಿ ತಾಗಿಸಿದಳು. ಒತ್ತಿ ತಾಗಿಸಿದಳು. ಹಿತ್ತಾಳೆ. ಬಟನ್ನು ಕಲ್ಲಿನ ಹಾಗೆ ಸುಮ್ಮನಿತ್ತು.

ಕೆಳಗೆ ರಸ್ತೆಯಲ್ಲಿ ಹಾರನ್ನು. ಭಾವನದೇ, ಅವನು ಯಾವಾಗಲೂ ಎರಡು ಸಲ ಒತ್ತುತ್ತಾನೆ.

ಕತ್ತರಿ ಮೇಜಿನ ಮೇಲಿತ್ತು. ಜೇಬಿನ ಅಂಚಿಗೆ ಅವಳು ಎರಡೆರಡು ಸಾಲು ಹೊಲಿದಿದ್ದಳು, ಮಗು ಎಳೆದಾಡಿದರೂ ಬಿಚ್ಚದಿರಲಿ ಎಂದು. ಇರುವೆ ಸಾಲಿನ ಹಾಗಿದೆ ಎಂದು ದೊಡ್ಡಮ್ಮ ಹೊಗಳಿದ ಹೊಲಿಗೆ. ಒಂದೊಂದಾಗಿ ಬಿಚ್ಚಲು ಸಮಯವಿರಲಿಲ್ಲ. ಕತ್ತರಿಯ ತುದಿಯನ್ನು ಅಡಿಗೆ ತೂರಿಸಿ ಕತ್ತರಿಸಿದಳು. ಎರಡು ಬದಿ ಬಿಟ್ಟಿತು. ಮೂರನೆಯದು. ಜೇಬು ನಾಲಗೆಯಂತೆ ಜೋತುಬಿತ್ತು. ಅಡಿಯ ತೆಳು ಬಟ್ಟೆಯನ್ನು ಸೀಳಿದಳು. ಹತ್ತಿ ಉಬ್ಬಿ ಹೊರಗೆ ಬಂತು.

"ಏನೇ ಮಾಡ್ತಿದ್ದೀಯ?"

ದೊಡ್ಡಮ್ಮ ಬಾಗಿಲಲ್ಲಿ. ಅವಳ ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಭಾವನ ದನಿ. "ನಿಧಾನ, ನಿಧಾನ, ಇಲ್ಲೊಂದು ಮೆಟ್ಟಿಲು ಎತ್ತರ ಇದೆ."

"ಮೊನೆ ಇದರಲ್ಲೇ ಇದೆ ದೊಡ್ಡಮ್ಮ."

"ಯಾವ ಮೊನೆ? ಡಬ್ಬಿಯಲ್ಲಿ..."

"ಅದು ಬೇರೆ."

ಅಕ್ಕ ಒಳಗೆ ಬಂದಳು. ಮುಖ ಇಳಿದಿತ್ತು, ಕಣ್ಣಿನ ಸುತ್ತ ಕಪ್ಪು. ಎದೆಗೆ ಒತ್ತಿಕೊಂಡ ಬಿಳಿ ಬಟ್ಟೆಯ ಗಂಟಿನಿಂದ ಒಂದು ಪುಟ್ಟ ಕೆಂಪು ಕಿವಿ ಮಾತ್ರ ಕಾಣುತ್ತಿತ್ತು. ಅವಳು ಯಾರನ್ನೂ ನೋಡದೆ ನೇರ ಮಂಚಕ್ಕೆ ನಡೆದಳು. ಸೋತ ಕೈಗೆ ಬೇರೇನೂ ಕಾಣುತ್ತಿರಲಿಲ್ಲ. ಗಂಟನ್ನು ಕೌದಿಯ ಮೇಲೆ ಇಳಿಸಲು ಬಗ್ಗಿದಳು.

"ಇಡಬೇಡ!"

ಅಕ್ಕ ಬಗ್ಗಿದಲ್ಲೇ ನಿಂತಳು. ಮಗು ಬೆಚ್ಚಿ ಒಂದು ಸಲ ಮಿಸುಕಿತು. ಆಗ ಅಕ್ಕನಿಗೆ ಸೀಳಿದ ನಡುಭಾಗ ಕಂಡಿತು, ಹತ್ತಿ ಕಂಡಿತು, ಕತ್ತರಿ ಕಂಡಿತು.

ಭಾವ ಚೀಲಗಳನ್ನು ಕೆಳಗಿಟ್ಟು ಹಣೆ ಒರೆಸಿಕೊಂಡ. "ಮುಗೀತು ಅಂದಿದ್ಯಲ್ಲೇ. ಮತ್ತೆ ಶುರು ಮಾಡಿದ್ಯಾ?"

ಯಾರೂ ನಗಲಿಲ್ಲ. ಅವಳು ತಲೆ ಎತ್ತದೆ ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ಎಳೆದು ಅಯಸ್ಕಾಂತಕ್ಕೆ ತಾಗಿಸಿ ಬದಿಗಿಡುತ್ತಿದ್ದಳು. ಒಂದು ಚಿಟಿಕೆ. ಇನ್ನೊಂದು. ಏನೂ ಇಲ್ಲ. ಅಸ್ತರಿಯ ಒಳಮೈ ಕಾಣುವವರೆಗೂ ಬಂದಳು. ಇಲ್ಲದಿದ್ದರೆ? ಇಲ್ಲದಿದ್ದರೆ ಒಳ್ಳೆಯದಲ್ಲವೇ? ಯಾವುದನ್ನು ಬಯಸಬೇಕೆಂದು ತಿಳಿಯಲಿಲ್ಲ. ಮತ್ತೊಂದು ಚಿಟಿಕೆ ತಾಗಿಸುವಾಗ ಸಣ್ಣದಾಗಿ ಟಿಕ್ ಎಂದಿತು.

ಅಯಸ್ಕಾಂತದ ಕಪ್ಪು ಅಂಚಿನಲ್ಲಿ, ನೆಟ್ಟಗೆ ನಿಂತ ಕೂದಲಿನಂತೆ, ಮೊನೆ.

ದೊಡ್ಡಮ್ಮ ಅದನ್ನು ಬೆರಳಿಗೆ ತೆಗೆದುಕೊಂಡಳು. ತಡಕಾಡಿ ಕುರ್ಚಿಯಲ್ಲಿ ಕೂತು ಡಬ್ಬಿ ತೆರೆದು, ಹಳೆಯ ಅರ್ಧವನ್ನು ಹುಡುಕಿ, ತುದಿಗೆ ತುದಿ ಕೂಡಿಸಿದಳು. ಈ ಸಲ ಬೆಳಕಿಗೆ ಹಿಡಿದು, ಬಹಳ ಹೊತ್ತು. ಆಮೇಲೆ ಡಬ್ಬಿಯಲ್ಲಿ ಉಳಿದ ಇನ್ನೊಂದು ಮೊನೆಯನ್ನು ಅಂಗೈಯಲ್ಲಿಟ್ಟುಕೊಂಡಳು.

"ಹಾಗಾದ್ರೆ ಇದ್ಯಾವ್ದೇ?"

"ಮುರಿದೆ. ನೀನು ಬಟ್ಟೆ ಒಗೀತಿರೋವಾಗ."

"ನಾನು ಸರಿ ಅಂದ್ನಲ್ಲ." ದೊಡ್ಡಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಸಿಟ್ಟಿಗಿಂತ ಕಷ್ಟದ್ದು. "ಈ ಕೈಯಲ್ಲಿ ಮುಟ್ಟಿ ಸರಿ ಅಂದೆ."

"ಹೂಂ."

"ಇದರ ಜೊತೆ ತುಂಡು ಎಲ್ಲಿ?"

"ಹೂಕುಂಡದಲ್ಲಿ."

ಭಾವನ ಬಾಯಲ್ಲಿ ಜೋಕೊಂದು ಬಂದಿರಬೇಕು, ತುಟಿ ಅಲುಗಿತು. ಅಕ್ಕನ ಮುಖ ನೋಡಿ ನುಂಗಿಕೊಂಡ.

"ತಗೊಂಡು ಬಾ" ಅಂದಳು ದೊಡ್ಡಮ್ಮ.

ಅವಳು ಮಣ್ಣು ಕೆದಕಿ ತುಂಡು ತಂದಳು. ದೊಡ್ಡಮ್ಮ ಅದನ್ನೂ ಕೂಡಿಸಿ ನೋಡಿದಳು. ಎರಡು ಜೊತೆ ಸೂಜಿ ಡಬ್ಬಿಯ ತಳಕ್ಕೆ ಬಿದ್ದವು. ಮುಚ್ಚಳವನ್ನು ಅವಳು ಹಾಕಲಿಲ್ಲ.

ಅಕ್ಕ ಇನ್ನೂ ನಿಂತೇ ಇದ್ದಳು. ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡಳು. ಗಾಜಿನ ಪೆಟ್ಟಿಗೆಯ ಪಕ್ಕ ಕೂತು ಅವಳು ಪ್ರತಿ ತಂತಿಯನ್ನೂ ಪ್ರತಿ ಸೂಜಿಯನ್ನೂ ಕಣ್ಣಿನಲ್ಲೇ ಕಾದಿದ್ದಳು. ಆ ನೋಟ ಈಗ ತಂಗಿಯ ಮೇಲಿತ್ತು.

"ಇದೊಂದೇನಾ?"

ತಂಗಿಗೆ ಹೌದು ಅನ್ನಬೇಕು ಅನ್ನಿಸಿತು. ಹೌದೇ ಇತ್ತು. ಆದರೆ ಇವತ್ತು ತನ್ನ ಹೌದಿಗೆ ಎಷ್ಟು ತೂಕವಿದೆ ಎಂದು ಅವಳಿಗೆ ಗೊತ್ತಿತ್ತು. ಅಯಸ್ಕಾಂತವನ್ನು ಅಂಗಿಗೆ ಒರೆಸಿ ಮುಂದೆ ಚಾಚಿದಳು.

"ಇದೊಂದೇ. ನೀನೂ ನೋಡು."

ಭಾವ ಮಗುವಿಗೆ ಕೈ ಚಾಚಿದ. ಅಕ್ಕ ಕೊಡಲಿಲ್ಲ. ಎಡಗೈಯಲ್ಲಿ ಮಗುವನ್ನು ಹೆಗಲಿಗೆ ಒರಗಿಸಿಕೊಂಡು, ಬಲಗೈಯಲ್ಲಿ ಅಯಸ್ಕಾಂತ ಹಿಡಿದು, ಕೌದಿಯ ಮೂಲೆಯಿಂದ ಶುರು ಮಾಡಿದಳು. ನೀಲಿ ಚೌಕ. ಬಿಳಿ ಚೌಕ. ತನ್ನದೇ ಹೂವಿನ ಫ್ರಾಕು. ಅಲ್ಲಿ ಒಂದು ಗಳಿಗೆ ನಿಂತಳು, ಗುರುತು ಹಿಡಿದಳೋ ಏನೋ, ಮತ್ತೆ ಮುಂದೆ ಹೋದಳು. ಅಂಚಿಗೆ ಅಂಚು ಮುಗಿಸಿ, ಕೌದಿಯನ್ನು ಅದೇ ಕೈಯಿಂದ ಮಗುಚಿ, ಅಸ್ತರಿಯ ಮೇಲೂ ಆಡಿಸಿದಳು. ಸೀಳಿದ ಜಾಗಕ್ಕೆ ಬಂದು ಅದರೊಳಗೂ ಕೈ ಹಾಕಿದಳು. ಆಮೇಲೆ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟಳು. ಅದು ಕತ್ತರಿಗೆ ಹಾರಿ ಕಚ್ಚಿಕೊಂಡಿತು.

"ಏನಿಲ್ಲ" ಅಂದಳು.

"ಕೂತ್ಕೊಳ್ಳೇ ನೀನು ಮೊದಲು," ಎಂದು ದೊಡ್ಡಮ್ಮ ಕುರ್ಚಿ ಬಿಟ್ಟೆದ್ದಳು. ಅಕ್ಕ ಕೂತಳು. ಮಗುವನ್ನು ಮಡಿಲಿಗೆ ಇಳಿಸಿಕೊಂಡಳು. ಮಂಚದ ಮೇಲೆ ಬೇರೆ ಹೊದಿಕೆ ಹಾಸಿ ಕೊಡುತ್ತೇನೆಂದು ಭಾವ ಮುಂದೆ ಬಂದ. ಅಕ್ಕ ಬೇಡ ಎಂದು ತಲೆಯಾಡಿಸಿದಳು.

ತಂಗಿ ಹತ್ತಿಯನ್ನು ಒಳಗೆ ತುಂಬಿದಳು. ಸೀಳಿದ ತೆಳು ಬಟ್ಟೆಯ ಎರಡು ತುಟಿ ಕೂಡಿಸಿದಳು. ಜೇಬನ್ನು ಅದರ ಜಾಗಕ್ಕೆ ತಂದು ಗುಂಡುಪಿನ್ನು ಚುಚ್ಚಿದಳು. ಚುಚ್ಚುವ ಮೊದಲು ಪ್ರತಿಯೊಂದನ್ನೂ ದೊಡ್ಡಮ್ಮನ ಅಂಗೈಗೆ ತಾಗಿಸಿದಳು, ದೊಡ್ಡಮ್ಮ ಒಂದೊಂದಕ್ಕೂ ಬೆರಳು ಮಡಿಸಿ ಎಣಿಸಿಕೊಂಡಳು. ಹೊಸ ಸೂಜಿ ತೆಗೆದಳು. ದಾರ ಕಣ್ಣಿಗೆ ಹೋಗಲಿಲ್ಲ. ಎಂಜಲು ಮಾಡಿ ಹೊಸೆದಳು. ಹೋಗಲಿಲ್ಲ. ಇಷ್ಟು ಜನರೆದುರು, ಅರ್ಧವಾದ ಕೆಲಸವನ್ನು ಮಡಿಲಲ್ಲಿಟ್ಟುಕೊಂಡು, ಮತ್ತೆ ಮೊದಲಿನ ಶುರುವಮ್ಮ.

ಮಗು ಆಕಳಿಸಿತು. ಇಡೀ ಮುಖವೇ ಬಾಯಿಯಾಯಿತು.

ದಾರ ಹೋಯಿತು. ಅವಳು ಮೊದಲ ಹೊಲಿಗೆ ಹಾಕಿ ಬೇಗ ಎಳೆದಳು, ಎರಡನೆಯದಕ್ಕೆ ಆಗಲೇ ಸೂಜಿ ತಿರುಗಿಸಿದಳು. ಮಡಿಕೆ ದಪ್ಪವಾಗಿದ್ದ ಅದೇ ಮೂಲೆ. ಹೆಬ್ಬೆರಳು ಒತ್ತಿತು.

"ನಿಧಾನ" ಅಂದಳು ಅಕ್ಕ.

ಅವಳು ತಲೆ ಎತ್ತಿದಳು. ಅಕ್ಕನ ಮುಖದಲ್ಲಿ ನಗು ಇರಲಿಲ್ಲ. ಅವಳ ಕಣ್ಣು ಸೂಜಿಯ ಮೇಲಿತ್ತು, ಒಂದು ಕೈ ಮಗುವಿನ ಬೆನ್ನ ಕೆಳಗಿತ್ತು.

"ನಿಧಾನಕ್ಕೆ ಹೊಲಿ. ನಾನು ಹಿಡ್ಕೊಂಡಿರ್ತೀನಿ."

ಅವಳು ಸೂಜಿಯನ್ನು ಹಿಂದೆ ಎಳೆದು, ಮಡಿಕೆ ತಪ್ಪಿಸಿ, ಒಂದು ಎಳೆ ಆಚೆ ಚುಚ್ಚಿದಳು. ಅದು ಸದ್ದಿಲ್ಲದೆ ಒಳಗೆ ಹೋಗಿ ಇನ್ನೊಂದು ಕಡೆ ಇಡಿಯಾಗಿ ಹೊರಬಂತು.